ಒಂದೆಲಗದ ಜೊತೆಗಿನ ಸೊಪ್ಪು

ಸವಳಂಗದ ಔಷಧದಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಹಸಿರು. ಸೊಪ್ಪು ಚಿವುಟಲೆಂದೇ ಅದೊಂದನ್ನು ಉದ್ದ ಬಿಟ್ಟಿದ್ದರು. ಎಷ್ಟು ಸೋಪು ಹಚ್ಚಿದರೂ ಬಣ್ಣ ಹೋಗುತ್ತಿರಲಿಲ್ಲ.

ನನ್ನ ಅವ್ವನಿಗೆ ಮರೆವಿನ ಕಾಯಿಲೆ ಹಿಡಿದ ಮೇಲೆ ವಾರಕ್ಕೊಮ್ಮೆ ನ್ಯಾಮತಿಯಿಂದ ಬಸ್ಸಿನಲ್ಲಿ ಅವರಲ್ಲಿಗೆ ಕರೆದೊಯ್ಯುತ್ತಿದ್ದೆ. ಒಂದೆಲಗ ಎಲ್ಲರಿಗೂ ಗೊತ್ತು, ನಮ್ಮ ಮನೆಯಲ್ಲೂ ಚಟ್ನಿ ಮಾಡುತ್ತೇವೆ. ಅಜ್ಜಿ ಅದಕ್ಕೆ ಇನ್ನೊಂದು ಸೊಪ್ಪು ಸೇರಿಸುತ್ತಿದ್ದರು. ಬೆಳಿಗ್ಗೆ ಒಬ್ಬರೇ ಹೋಗಿ ತಂದು, ನಾವು ಬರುವಷ್ಟರಲ್ಲಿ ಅರೆದು ಉಂಡೆ ಕಟ್ಟಿರುತ್ತಿದ್ದರು. ಕೇಳಿದರೆ ಒಂದೇ ಉತ್ತರ: "ಹೆಸರು ಹೇಳಿದ್ರೆ ಗುಣ ಹೋಗತೈತೆ ತಂಗಿ. ನಮ್ಮವ್ವ ಸಾಯೋ ಮುಂದೆ ನನಗೆ ಹೇಳಿದ್ಲು. ನಾನೂ ಸಾಯೋ ಮುಂದೆ ಯಾರಿಗಾರ ಹೇಳ್ತೀನಿ."

ಪೇಟೆಯ ಡಾಕ್ಟರು, "ಇದು ವಾಸಿಯಾಗೋ ಕಾಯಿಲೆ ಅಲ್ಲಮ್ಮ. ಆ ಸೊಪ್ಪು ಯಾವುದು ತಿಳ್ಕೊಂಡು ಬನ್ನಿ, ಮಾತ್ರೆ ಜೊತೆ ಕೊಡಬಹುದೋ ನೋಡೋಣ" ಎಂದರು. ಅಜ್ಜಿಗೆ ಹೇಳಿದೆ. "ಅವರ ಮಾತ್ರೆ ಎದ್ರಲ್ಲಿ ಮಾಡ್ಯಾರೆ ಅಂತ ನಿನಗೆ ಹೇಳ್ಯಾರೇನು?" ಎಂದು ನಕ್ಕರು.

ಸೊಪ್ಪಿನಿಂದ ಗುಣವಾಯಿತೆಂದು ಹೇಳಲಾರೆ. ಆದರೆ ಅಜ್ಜಿ ಅವ್ವನ ಮುಂದೆ ಕೂತು, "ಏನವ್ವ, ಊಟ ಆತಾ?" ಎಂದು ಅವಳನ್ನೇ ಕೇಳುತ್ತಿದ್ದರು. ಉಳಿದವರೆಲ್ಲ ಅವಳ ಊಟದ ವಿಚಾರವನ್ನೂ ನನ್ನನ್ನೇ ಕೇಳುತ್ತಿದ್ದರು. ಸವಳಂಗಕ್ಕೆ ಹೋಗಿಬಂದ ದಿನ ಅವ್ವ ಒಮ್ಮೆಯಾದರೂ ನನ್ನ ಹೆಸರು ಹಿಡಿದು ಕರೆಯುತ್ತಿದ್ದಳು. ನನಗೆ ಅಷ್ಟು ಸಾಕಿತ್ತು.

ಒಂದು ಸೋಮವಾರ ಉಂಡೆ ಕೊಟ್ಟ ಅಜ್ಜಿ, ನಾವು ಮೆಟ್ಟಿಲಿಳಿಯುವ ಮೊದಲೇ ಕರೆದು ಮತ್ತೊಂದು ಕೊಟ್ಟರು. ಮುಂದಿನ ವಾರವೂ ಹಾಗೇ ಆಯಿತು. ಅವ್ವನಿಗೂ ಹೀಗೇ ಶುರುವಾಗಿತ್ತು. "ಈಗ್ಲಾದ್ರೂ ಹೇಳ್ರಿ ಅಜ್ಜಿ" ಎಂದು ಗೋಗರೆದೆ. "ನಾನು ಸಾಯಾಕೆ ಇನ್ನೂ ಹೊತ್ತೈತೆ ಬಿಡು" ಎಂದು ರೇಗಿದರು.

ಹೊತ್ತೇನೋ ಇತ್ತು, ನೆನಪು ಅಷ್ಟು ದಿನ ಕಾಯಲಿಲ್ಲ. ಕೆಲವು ತಿಂಗಳಲ್ಲಿ ಒರಳು ಒಣಗಿತು, ಉಗುರು ಬೆಳ್ಳಗಾಯಿತು. ಒಂದು ದಿನ ಅಜ್ಜಿಯೇ ನನ್ನ ಮುಂಗೈ ಹಿಡಿದು ಕೇಳಿದರು: "ಒಂದೆಲಗದ ಜೊತೆ ಹಾಕ್ತಿದ್ನಲ್ಲ, ಅದ್ಯಾವ ಸೊಪ್ಪು ತಂಗಿ? ನಿನಗೆ ಹೇಳಿದ್ನಾ?"

"ಹೇಳ್ಲಿಲ್ಲ. ಎಷ್ಟು ಕೇಳಿದ್ರೂ ಹೇಳ್ಲಿಲ್ಲ ನೀವು" ಎಂದೆ, ಬೇಕೆಂದೇ ಚುಚ್ಚುವ ಹಾಗೆ. ಅವರಿಗೆ ತಾಕಿತೋ ಇಲ್ಲವೋ, ಅವ್ವನ ಕಡೆ ತಿರುಗಿ "ಊಟ ಆತಾ?" ಎಂದರು.

ಅಜ್ಜಿ ಹೋದ ತಿಂಗಳು ತೀರಿಕೊಂಡರು. ಸಾಯುವ ಮುಂಚೆ ಹೇಳಲು ಅವರ ಬಳಿ ಏನೂ ಉಳಿದಿರಲಿಲ್ಲ. ಅವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಆದರೂ ದಿನಾ ಅವ್ವನ ಮುಂದೆ ಅವರಂತೆಯೇ ಕೂತು, "ಏನವ್ವ, ಊಟ ಆತಾ?" ಎಂದು ಕೇಳುತ್ತೇನೆ.

"ಆತು ತಾಯಿ" ಎನ್ನುತ್ತಾಳೆ ಅವ್ವ. "ನೀನ್ಯಾರ ಮಗಳು?"