ದಡದಲ್ಲಿ ಕೂರುವ ನಿಯಮ

ತರೀಕೆರೆಯಾಚೆಯ ಹಿನ್ನೀರಿನಲ್ಲಿ ನಮ್ಮ ಆರು ಹಾಯಿದೋಣಿಗಳ ಪಂದ್ಯ ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಆರಂಭವಾಗಬೇಕು. ತಡವಾಗಿ ಬಂದವರು ದಡದಲ್ಲೇ ಕೂರಬೇಕು. ತೀರ್ಪುಗಾರನಾಗಿ ಈ ನಿಯಮ ಮಾಡಿದವನು ನಾನೇ. ಮೂರು ನಿಮಿಷ ತಡವಾಗಿ ಬಂದ ಅಜ್ಜಂಪುರದ ಲೋಕೇಶನನ್ನು ಒಂದು ಭಾನುವಾರ ಹಾಗೆಯೇ ಕೂರಿಸಿದೆ. ವರ್ಷದ ಟ್ರೋಫಿ ಬೇಕಾದರೆ ಅವನು ಮುಂದಿನ ವಾರದ ಕೊನೆಯ ಪಂದ್ಯವನ್ನು ಗೆಲ್ಲಲೇಬೇಕಿತ್ತು.

ಆ ಕೊನೆಯ ಪಂದ್ಯದ ಭಾನುವಾರ ಕಡೂರಿನಲ್ಲಿ ನಾನು ಹತ್ತಿದ ಬಸ್ಸು ಬೀರೂರಿನ ರೈಲ್ವೆ ಗೇಟಿನಲ್ಲಿ ನಿಂತುಬಿಟ್ಟಿತು. ನಾನು ತಲುಪಿದಾಗ ಏಳೂ ಇಪ್ಪತ್ತು. ಆರೂ ದೋಣಿಗಳು ಹಾಯಿ ಇಳಿಸಿ ಸಾಲಾಗಿ ನಿಂತಿದ್ದವು. ಬೆಳಗಿನ ಗಾಳಿ ಇಳಿಯತೊಡಗಿತ್ತು.

"ಯಾರ ಬಳಿಯೂ ಗಡಿಯಾರವಿರಲಿಲ್ಲವೆ?" ಎಂದು ಗದರಿದೆ.

"ಇತ್ತು ಸಾರ್. ಶಿಳ್ಳೆ ನಿಮ್ ಜೇಬಲ್ಲಿತ್ತು," ಎಂದ ಲೋಕೇಶ.

"ಸಾರ್‌ನ ದಡದಲ್ಲಿ ಕೂರ್ಸ್ರೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

"ಸುಮ್ನಿರ್ರೋ ಲೇ, ಗಾಳಿ ಹೋಗ್ತೈತೆ. ಊದಿ ಸಾರ್," ಎಂದ ಲೋಕೇಶ.

ಊದಿದೆ. ಅರ್ಧ ದಾರಿಯಲ್ಲಿ ಗಾಳಿ ಪೂರ್ತಿ ನಿಂತಿತು. ಎಲ್ಲರಿಗಿಂತ ಮುಂದಿದ್ದ ಲೋಕೇಶನೂ ನಿಂತ. ಪಂದ್ಯ ರದ್ದಾಯಿತು, ಟ್ರೋಫಿ ಅವನ ಕೈತಪ್ಪಿತು. ಉಳಿದ ಐವರೂ ಅವನ ದೋಣಿಯ ಪಕ್ಕಕ್ಕೆ ಹುಟ್ಟು ಹಾಕಿಕೊಂಡು ಬಂದು, ನನ್ನನ್ನು ಬೈಯುತ್ತಲೇ ಅವನ ಜೊತೆಗೆ ದಡ ಸೇರಿದರು.

ಪಂದ್ಯದ ದಾಖಲೆ ಪುಸ್ತಕದಲ್ಲಿ "ತೀರ್ಪುಗಾರ ಇಪ್ಪತ್ತು ನಿಮಿಷ ತಡ" ಎಂದು ಬರೆದು ಸಹಿ ಮಾಡಿದೆ. ನಿಯಮದಂತೆ ದಡದಲ್ಲೂ ಕೂತೆ. ಆದರೆ ನಾನು ಪ್ರತಿ ವಾರ ಕೂರುವುದೂ ಅಲ್ಲಿಯೇ.