ನಿಧಾನಕ್ಕೆ ಬೈಕ್ ತಿರುಗಿಸಲು ಕಲಿತದ್ದು

ನಿಮ್ಮ ಅಜ್ಜ ಮೀನು ಮಾರುತ್ತಿದ್ದದ್ದು ಬೈಕಿನಲ್ಲಿ. ಬೆಳಿಗ್ಗೆ ಗಂಗೊಳ್ಳಿ ಬಂದರಿನ ಏಲಂನಲ್ಲಿ ಮೀನು ತೆಗೆದು, ಹಿಂದಿನ ಸೀಟಿಗೆ ಕಟ್ಟಿದ ಪೆಟ್ಟಿಗೆಯಲ್ಲಿ ಐಸ್ ಹಾಕಿ ತುಂಬಿಸಿ, ತ್ರಾಸಿ ಮರವಂತೆಯ ಒಳದಾರಿಗಳಲ್ಲಿ ಹಾರ್ನ್ ಹೊಡೆಯುತ್ತಾ ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಮನೆಗಳ ಲೈನನ್ನು ನಾನು ಹಿಡಿದೆ. ಬೈಕ್ ಬಿಡಲು ಅವರೇ ಕಲಿಸಿದ್ದರು, ಲೈಸೆನ್ಸೂ ಇತ್ತು. ಬುಟ್ಟಿ ಹೊತ್ತು ಬೇರೆಯವರ ಅಂಗಳದಲ್ಲಿ ನಿಂತು ಕೂಗುವುದು ನನ್ನಿಂದಾಗದು. ನನಗೆ ಸ್ವರವೇ ಏಳುವುದಿಲ್ಲ. ಬೈಕಾದರೆ ನನ್ನ ಬದಲು ಹಾರ್ನ್ ಕೂಗುತ್ತದೆ.

ಹೈವೇಯಲ್ಲಿ ನನಗೆ ಹೆದರಿಕೆ ಇರಲಿಲ್ಲ. ಕಷ್ಟವಿದ್ದದ್ದು ಅಂಗಳಗಳಲ್ಲಿ. ಒಂದು ಕಡೆ ಬಾವಿಕಟ್ಟೆ, ಇನ್ನೊಂದು ಕಡೆ ತುಳಸಿಕಟ್ಟೆ, ನಡುವೆ ಬೈಕ್ ತಿರುಗಿಸಬೇಕು. ಮೊದಮೊದಲ ಮನೆಗಳಲ್ಲಿ ಹೇಗೋ ಆಗುತ್ತಿತ್ತು. ಬಿಸಿಲೇರಿ ಕೊನೆಯ ಮನೆಗಳಿಗೆ ಬರುವಾಗ ಹ್ಯಾಂಡಲ್ ನನ್ನ ಮಾತು ಕೇಳುತ್ತಿರಲಿಲ್ಲ. ದಣಿವು ಎಂದುಕೊಂಡೆ. ಒಂದು ದಿನ ಹೊಳೆ ಬದಿಯ ಕೊನೆಯ ಮನೆಯಲ್ಲಿ ಬೈಕ್ ಸಮೇತ ಬಿದ್ದೆ. ಬಂಗುಡೆಯೆಲ್ಲ ಅಂಗಳದಲ್ಲಿ ಚೆಲ್ಲಿತು. ಆ ಮನೆಯಮ್ಮ ಕೊಡಪಾನದಲ್ಲಿ ನೀರು ತಂದು ಮೀನು ತೊಳೆದುಕೊಟ್ಟರು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಸುದ್ದಿ ಬಂದರಿಗೆ ನನಗಿಂತ ಮುಂಚೆ ಮುಟ್ಟಿತ್ತು. ಸಂಜೆಗೆ ಅಜ್ಜನ ಅಣ್ಣ ಬಂದರು. ನನಗೆ ಭಾವ, ಹಿರಿಯರು. ಅವರ ಎದುರು ನಾನು ಯಾವತ್ತೂ ಕೂತು ಮಾತಾಡಿದವಳಲ್ಲ.

"ನಿಂಗ್ ಎಂತಕ್ಕೆ ಈ ಗೋಳ್? ಬೈಕ್ ನಂಗೆ ಕೊಡ್. ಲೈನ್ ನಾ ಕಾಂತೆ, ನೀ ಮನೆಯಂಗೆ ಕೂತ್ಕೊ" ಅಂದರು.

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಬೈಕ್ ಹೋದರೆ ಲೈನ್ ಹೋಯಿತು, ಲೈನ್ ಹೋದರೆ ನನಗೆ ಹೊಸ್ತಿಲು ದಾಟಲು ಕಾರಣವೇ ಇಲ್ಲ. ಇದನ್ನು ಬಾಯಿಬಿಟ್ಟು ಹೇಳಲು ಬರಲಿಲ್ಲ. ಮುಂದಿನ ತಿಂಗಳು ನೋಡುವ ಎಂದಷ್ಟೇ ಹೇಳಿದೆ.

ನಿಮ್ಮಮ್ಮ ನನ್ನನ್ನು ಕೇಳದೆಯೇ ಕುಂದಾಪುರದಲ್ಲಿ ನಡೆಯುತ್ತಿದ್ದ ಬೈಕ್ ತರಬೇತಿಗೆ ಹೆಸರು ಕೊಟ್ಟಳು. ಮೊದಲೇ ಬೈಕ್ ಬಿಡಲು ಬರುವವರಿಗೆ ಇನ್ನೂ ಚೆನ್ನಾಗಿ ಕಲಿಸುವ ತರಬೇತಿ ಅದು, ಭಾನುವಾರಗಳಲ್ಲಿ, ಒಂದು ಮೈದಾನದಲ್ಲಿ. ಬಂದರಿನಲ್ಲಿ ನನ್ನ ಜೊತೆಯವಳೊಬ್ಬಳು, "ಎಂತ ಹೆಣ್ಣೇ, ಸರ್ಕಸ್ ಕಂಪೆನಿ ಸೇರ್ತ್ಯಾ?" ಎಂದು ಕೇಳಿದಳು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮೈದಾನದಲ್ಲಿ ಹೆಚ್ಚಿನವರು ಹುಡುಗರು. ನಾನು ಚೂಡಿದಾರದ ಮೇಲೆ ಅಜ್ಜನ ಉದ್ದ ತೋಳಿನ ಅಂಗಿ ಹಾಕಿಕೊಂಡು ಒಂದು ಮೂಲೆಯಲ್ಲಿ ನಿಂತಿದ್ದೆ. ಕಲಿಸುವವಳು ಬ್ರಹ್ಮಾವರ ಕಡೆಯ ಒಬ್ಬ ಹೆಣ್ಣುಮಗಳು. ಜೋರಾಗಿ ಓಡಿಸುವುದನ್ನು ಕಲಿಸುತ್ತಾರೆ ಎಂದುಕೊಂಡಿದ್ದೆ. ಆಕೆ ಕಲಿಸಿದ್ದು ನಡೆಯುವವರಿಗಿಂತ ನಿಧಾನಕ್ಕೆ, ಕಾಲು ನೆಲಕ್ಕೆ ತಾಗಿಸದೆ ಹೋಗುವುದನ್ನು. ಕ್ಲಚ್ಚನ್ನು ಪೂರ್ತಿ ಬಿಡಬಾರದು, ಅರ್ಧದಲ್ಲಿ ಹಿಡಿದಿರಬೇಕು. ಆಕ್ಸಿಲರೇಟರ್ ಒಂದೇ ಸಮ. ಹಿಂದಿನ ಬ್ರೇಕಿನ ಮೇಲೆ ಪಾದ ಹಗುರಾಗಿ ಒತ್ತಿರಬೇಕು, ಮುಂದಿನ ಬ್ರೇಕ್ ಮುಟ್ಟಬಾರದು. ಮೊಣಕಾಲುಗಳಲ್ಲಿ ಟ್ಯಾಂಕ್ ಅವುಚಿ ಹಿಡಿಯಬೇಕು. ನಾನು ಮುಂದಿನ ಚಕ್ರವನ್ನೇ ನೋಡುತ್ತಿದ್ದೆ.

"ಅಕ್ಕ, ಚಕ್ರ ಕಾಂಬುಕಾಗ. ಹೋಪ್ ಬದಿ ಕಾಣಿ" ಎಂದು ಆಕೆ ಮತ್ತೆ ಮತ್ತೆ ಹೇಳಿದಳು.

ತಲೆ ಎತ್ತಿ ತಿರುವಿನ ಆಚೆ ನೋಡಿದರೆ ಬೈಕ್ ತಾನಾಗಿ ಆ ಕಡೆಗೇ ಹೋಗುತ್ತದೆ. ಇದು ನನಗೆ ಅರ್ಥವಾಗಲು ಮಧ್ಯಾಹ್ನವಾಯಿತು. ಸಂಜೆಗೆ ಮೈದಾನದಲ್ಲಿಟ್ಟ ಪ್ಲಾಸ್ಟಿಕ್ ಕೋನುಗಳ ನಡುವೆ ಕಾಲೂರದೆ ತಿರುಗಿಸಿದೆ. ಮುಂದಿನ ವಾರ ದಿನಾ ಒಯ್ಯುವ ಹೊರೆಯ ಸಮೇತ ಬರಲು ಹೇಳಿದಳು.

ಆ ಭಾನುವಾರ ಪೆಟ್ಟಿಗೆ ತುಂಬ ಐಸ್ ಹಾಕಿಸಿಕೊಂಡು ಹೋದೆ. ನನ್ನ ಸರದಿ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಮೊದಲ ತಿರುವಿನಲ್ಲೇ ಬಿದ್ದೆ. ಎತ್ತಿ ನಿಲ್ಲಿಸಿ ಹೊರಟೆ, ಮತ್ತೆ ಬಿದ್ದೆ. ಎರಡೂ ಸಲ ತಲೆ ಎತ್ತಿಯೇ ಇದ್ದೆ, ಕ್ಲಚ್ಚೂ ಸರಿಯಾಗಿತ್ತು. ಇನ್ನು ಭಾವನಿಗೆ ಬೀಗದಕೈ ಕೊಟ್ಟುಬಿಡುವುದೇ ಸರಿ ಅನ್ನಿಸಿತು. ಆಕೆ ಬಂದು ಬೈಕನ್ನು ಆಚೀಚೆ ಅಲುಗಾಡಿಸಿದಳು. ಪೆಟ್ಟಿಗೆಯೊಳಗೆ ಗುಳುಗುಳು ಸದ್ದಾಯಿತು.

"ಎಂತ ಇತ್ ಇದ್ರೊಳ್ಗೆ? ನೀರಾ?"

ನೀರೇ. ಪೆಟ್ಟಿಗೆಯ ಅಡಿಯಲ್ಲಿ ಐಸ್ ನೀರು ಹೋಗಲೆಂದೇ ಒಂದು ತೂತು ಇದೆ. ಅಜ್ಜ ಅದಕ್ಕೆ ಬಟ್ಟೆ ತುರುಕಿ ಮುಚ್ಚಿದ್ದರು. ಮೀನಿನ ನೀರು ಯಾರ ಅಂಗಳದಲ್ಲೂ ಬೀಳಬಾರದು ಎಂಬುದು ಅವರ ಕ್ರಮ. ಆ ಕಾರಣಕ್ಕೇ ಕೆಲವು ಮನೆಯವರು ಅವರನ್ನು ಅಂಗಳದ ಒಳಗಿನವರೆಗೆ ಬಿಟ್ಟುಕೊಳ್ಳುತ್ತಿದ್ದರು. ಅವರು ಎತ್ತರದ ಆಳು, ನೀರು ಒಂದು ಕಡೆಗೆ ಸರಿದು ಬೈಕ್ ವಾಲಿದರೆ ಕಾಲಿನಲ್ಲೇ ತಡೆಯುತ್ತಿದ್ದರು. ನಾನು ಕುಳ್ಳಿ. ಅವರು ಹಾಕಿದ ಬಟ್ಟೆ ಎಂದು ಒಂದು ದಿನವೂ ಅದನ್ನು ತೆಗೆದಿರಲಿಲ್ಲ. ಮನೆಗೆ ಬಂದ ಮೇಲೆ ಪೆಟ್ಟಿಗೆ ಮಗುಚಿ ತೊಳೆಯುತ್ತಿದ್ದೆ, ಅಷ್ಟೆ. ಇದನ್ನೆಲ್ಲ ತಡೆತಡೆದು ಹೇಳಿದೆ.

ಆಕೆ ಬಗ್ಗಿ ತೂತು ನೋಡಿ, "ಬಟ್ಟೆ ಇರ್ಲಿ ಅಕ್ಕ. ಅಂಗಳಕ್ಕೆ ಹೋಪುಕ್ ಮುಂಚೆ ನೀರ್ ಬಿಟ್ಟ್ ಹೋಯ್ನಿ" ಅಂದಳು.

ಬಟ್ಟೆ ಎಳೆದಾಗ ನೀರು ಬಹಳ ಹೊತ್ತು ಹರಿಯಿತು. ಆಮೇಲೆ ಬೀಳದೆ ಸುತ್ತು ಮುಗಿಸಿದೆ.

ಮರುದಿನ ಮರವಂತೆಯಲ್ಲಿ ಒಳದಾರಿ ಹಿಡಿಯುವ ಮೊದಲು ರಸ್ತೆ ಬದಿಯ ಹೊಯಿಗೆ ಮರಳಿನಲ್ಲಿ ನೀರು ಬಿಟ್ಟು, ಬಟ್ಟೆಯನ್ನು ಮತ್ತೆ ತುರುಕಿದೆ. ಹೊಳೆ ಬದಿಯ ಆ ಕೊನೆಯ ಮನೆಯ ಅಂಗಳಕ್ಕೆ ಬಂದೆ. ಬಾವಿಕಟ್ಟೆ ನೋಡಲಿಲ್ಲ, ತುಳಸಿಕಟ್ಟೆ ನೋಡಲಿಲ್ಲ. ಗೇಟಿನ ಕಡೆ ತಲೆ ತಿರುಗಿಸಿದೆ. ಬೈಕ್ ಮೆಲ್ಲಗೆ ಸುತ್ತು ಹೊಡೆದು ಗೇಟಿನತ್ತ ಮುಖ ಮಾಡಿ ನಿಂತ ಮೇಲೆಯೇ ಕಾಲೂರಿದೆ. ಮನೆಯಮ್ಮ ಪಾತ್ರೆ ಹಿಡಿದು ಬಂದು, ಇವತ್ತು ಏನು ಮೀನು ಎಂದು ಕೇಳಿದರು. ಅವರು ಬೇರೇನನ್ನೂ ಗಮನಿಸಿರಲಿಲ್ಲ.

ತಿಂಗಳು ಮುಗಿದಾಗ ಭಾವ ಮತ್ತೆ ಬಂದರು. ಚಾ ಕೊಟ್ಟು ಬಾಗಿಲ ಹತ್ತಿರ ನಿಂತೆ.

"ಬೈಕ್ ನಂಗೇ ಬೇಕ್ ಭಾವ" ಅಂದೆ.

ಅವರು ಚಾ ಕುಡಿದು ಮುಗಿಸಿದರು. ಹೋಗುವಾಗ ಬೈಕಿನ ಹತ್ತಿರ ಬಗ್ಗಿ ನೋಡಿ, ಚೈನಿಗೆ ಎಣ್ಣೆ ಹಾಕು ಎಂದು ಹೇಳಿ ಹೋದರು.