ಕೋಳಿ ಸತ್ತರೆ ಅಕ್ಕನೇ ಕಾರಣ

ಸುರೇಶ ಶೆಡ್ಡಿನೊಳಗೆ ಕಾಲಿಟ್ಟವನೇ ಅಲ್ಲ. ಬೈಕು ನಿಲ್ಲಿಸಿ, ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಬಾಗಿಲಲ್ಲೇ ಬಗ್ಗಿ ನೋಡಿ, "ನಿಮ್ಮ ಆರೈಕೆ ಸಾಲ್ದು ಅಕ್ಕ" ಎಂದು ತೀರ್ಪು ಕೊಡುತ್ತಿದ್ದ. ಮರಿ, ಫೀಡು ಕೊಟ್ಟು ನಮ್ಮ ಕೈಲಿ ಸಾಕಿಸಿ, ಬೆಳೆದ ಮೇಲೆ ಒಯ್ಯುವ ಕೋಳಿ ಕಂಪನಿಯ ಸೂಪರ್‌ವೈಸರ್ ಅವನು. ಮಾಸ್ತಿಕಟ್ಟೆ ಕಡೆಯ ಶೆಡ್ಡುಗಳಿಗೆಲ್ಲ ಅವನದೇ ಯಜಮಾನಿಕೆ. ಅವನು ಆಫೀಸಿಗೆ ಒಂದು ಮಾತು ಹೇಳಿದರೆ ಮುಂದಿನ ಸಲ ಮರಿ ಬರುತ್ತಿರಲಿಲ್ಲ. ನನ್ನ ಸಂಸಾರ ನಡೆಯುತ್ತಿದ್ದದ್ದೇ ಆ ಮರಿಗಳಿಂದ. ಅದು ಗೊತ್ತಿದ್ದೇ ಜಗಲಿಯಲ್ಲಿ ಕೂತು, ನಾನು ಕೊಟ್ಟ ಕಡುಬು ತಿಂದು, ಚಟ್ನಿಗೆ ಉಪ್ಪು ಜಾಸ್ತಿ ಎನ್ನುತ್ತಿದ್ದ. ಮೈಯೆಲ್ಲ ಉರಿಯುತ್ತಿತ್ತು ನನಗೆ.

ಆಷಾಢದ ಮಳೆ ಹಿಡಿದಾಗ ಬಂದವನೇ, "ನಾಲ್ಕೂ ಕಡೆ ಟಾರ್ಪಾಲು ಬಿಗೀರಿ ಅಕ್ಕ. ಒಂದು ಸಂದೂ ಇರ್ಬಾರ್ದು. ಮರಿಗೆ ಥಂಡಿ ಹೊಡೆದ್ರೆ ನನ್ನ ಕೇಳ್ಬೇಡಿ" ಎಂದ. ಬಿಗಿದೆ. ಒಳಗೆ ಕಣ್ಣು ಉರಿಯುವಷ್ಟು ಘಾಟು ತುಂಬಿತು. "ಮೇಲ್ಗಡೆ ಸ್ವಲ್ಪ ಬಿಡ್ಲಾ?" ಎಂದು ಕೇಳಿದರೆ, "ನೀವೇನು ಡಾಕ್ಟ್ರಾ?" ಎಂದ.

ಸಾಯತೊಡಗಿದ್ದು ಬಡಕಲು ಮರಿಗಳಲ್ಲ, ಚೆನ್ನಾಗಿ ಮೈ ತುಂಬಿಕೊಂಡವೇ. ಹೊಟ್ಟೆ ಊದಿ, ಬಾಯಿ ತೆರೆದು ಏದುಸಿರು ಬಿಡುತ್ತಾ ಬೀಳುತ್ತಿದ್ದವು. ಸುರೇಶ ಬಾಗಿಲಿಂದಲೇ ಕಾರಣ ಹೇಳಿದ: "ನೀರಿನ ಪಾತ್ರೆ ತೊಳ್ದಿಲ್ಲ ನೀವು." ತೊಳೆದು ತೊಳೆದು ನನ್ನ ಅಂಗೈ ಸವೆದಿತ್ತು. ಸತ್ತ ಕೋಳಿಗಳನ್ನು ಚೀಲಕ್ಕೆ ತುಂಬಿ, "ನಡಿ, ಹೊಸನಗರದಲ್ಲಿ ಕೊಯ್ಸಿ ನೋಡೋಣ" ಎಂದೆ. ಅವತ್ತಿನಿಂದ ಅವನಿಗೆ ಬಹುವಚನ ಬಿಟ್ಟೆ.

ಪಶು ಆಸ್ಪತ್ರೆಯ ಡಾಕ್ಟರು ಹೊಟ್ಟೆ ಸೀಳಿದರೆ ಹಳದಿ ನೀರು ಹರಿಯಿತು. ಊದಿದ ಹೃದಯವನ್ನು ಕತ್ತರಿಯ ತುದಿಯಲ್ಲಿ ತೋರಿಸಿ, "ಅಂಟುರೋಗ ಅಲ್ಲಮ್ಮ. ಬೇಗ ಬೆಳೆಯೋ ಕೋಳಿಗೆ ಗಾಳಿ ಜಾಸ್ತಿ ಬೇಕು. ಅದು ಸಿಗ್ದೆ ಹೃದಯ ಸೋತಿದೆ. ಶೆಡ್ಡು ಮುಚ್ಚಿ ಅಂತ ಹೇಳಿದ್ಯಾರು?" ಎಂದರು.

ನಾನು ಸುರೇಶನತ್ತ ತಿರುಗಿದೆ. ಅವನು ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದ. "ಸಾರ್, ಕಾರಣ ಹುಡುಕ್ದೆ. ಅಕ್ಕೋರು ಗಾಳಿನೇ ಬಿಟ್ಟಿರ್ಲಿಲ್ಲ. ನಾನು ಹೇಳಿ ಹೇಳಿ ಸಾಕಾಯ್ತು."

"ಎಂಥ ನಾಲಿಗೆಯೋ ನಿಂದು" ಎಂದೆ.

"ಮನಸ್ಸಿಗೆ ಹಚ್ಕೋಬೇಡಿ ಅಕ್ಕ. ನಂದೂ ಹೊಟ್ಟೆಪಾಡು."

ಮನೆಗೆ ಬಂದು ಟಾರ್ಪಾಲಿನ ಮೇಲರ್ಧ ಬಿಚ್ಚಿದೆ. ಆಗಲೇ ಹೊಟ್ಟೆ ಊದಿದ್ದವು ಉಳಿಯಲಿಲ್ಲ, ಮಿಕ್ಕವು ಚೇತರಿಸಿಕೊಂಡವು. ಕಂಪನಿಯವರು ಅವನ್ನು ತುಂಬಿಕೊಂಡು ಹೋದರು. ಮತ್ತೆ ಮರಿ ಕಳಿಸಲಿಲ್ಲ.

ಕೊನೆಯ ಸಲ ಸುರೇಶ ಬಂದದ್ದು ಕಂಪನಿಯ ಫೀಡಿನ ತಟ್ಟೆಗಳನ್ನು ಒಯ್ಯಲು. ಎಲ್ಲವನ್ನೂ ವ್ಯಾನಿಗೆ ತುಂಬಿ, ಬೆವರು ಒರೆಸಿಕೊಂಡು, "ಅಕ್ಕ, ಕುಡಿಯಕ್ಕೆ ನೀರು ಕೊಡ್ತೀರಾ?" ಎಂದ. ದಾರಿ ತಪ್ಪಿ ಬಂದವರಿಗೂ ಬೆಲ್ಲ ಇಟ್ಟೇ ನೀರು ಕೊಡುವ ಮನೆ ನಮ್ಮದು. "ಬಾವಿ ಹಿತ್ತಲಲ್ಲಿದೆ, ಸೇದ್ಕೊಂಡು ಕುಡಿ" ಎಂದು ಬಾಗಿಲು ಹಾಕಿಕೊಂಡೆ. ರಾಟೆಯ ಸದ್ದು ಕೇಳಲಿಲ್ಲ, ವ್ಯಾನು ಹೊರಟ ಸದ್ದು ಕೇಳಿತು.

ಈಗ ಸಾಗರದ ಕಡೆ ಇದ್ದಾನಂತೆ. ನನ್ನ ಜನ್ಮದಲ್ಲಿ ನಾನು ನೀರು ಕೊಡದೆ ಕಳಿಸಿದ್ದು ಅವನೊಬ್ಬನನ್ನೇ.